ಉಗ್ರಾಣದಿಂದ ಕಂದಕದವರೆಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಕ್ರ್ಯಾಂಟನ್ ಪಟ್ಟಣದಲ್ಲಿ, ರೈಲು ಹಳಿಯ ಮಗ್ಗುಲಿಗೆ ಇಟ್ಟಿಗೆಯ ಹಳೇ ಕಟ್ಟಡಗಳ ಸಾಲೊಂದಿದೆ. ನೂರು ವರ್ಷದ ಹಿಂದೆ ಅಲ್ಲಿ ಉಗಿ ಎಂಜಿನ್‌ಗಳ ರಿಪೇರಿ ನಡೆಯುತ್ತಿತ್ತು. ಈಗ ಅದೇ ಮಾಡಿನ ಕೆಳಗೆ ಕುಲುಮೆಗಳು ಉರಿಯುತ್ತವೆ. ಕೆಂಪಗೆ ಕಾದ ಉಕ್ಕಿನ ದಿಂಡನ್ನು ಯಂತ್ರದ ಕೈಯೊಂದು ಎತ್ತಿ ಒತ್ತುಯಂತ್ರದ ಬಾಯಿಗಿಡುತ್ತದೆ. ಮೊದಲ ಒತ್ತಿಗೆ ನಡುವೆ ತೂತು ಬೀಳುತ್ತದೆ, ಮುಂದಿನ ಒತ್ತುಗಳಿಗೆ ದಿಂಡು ನೀಳವಾಗುತ್ತದೆ. ಆಮೇಲೆ ತಣಿಯುವುದು, ಕಡೆಯುವುದು, ಮೂತಿ ಚೂಪಾಗುವುದು, ಬಣ್ಣ. ಸಾಲಾಗಿ ನಿಂತ ಈ ಟೊಳ್ಳು ಕೊಳವೆಗಳೇ 155 ಮಿ.ಮೀ. ಫಿರಂಗಿ ಗುಂಡಿನ ಒಡಲು. ಮದ್ದು ತುಂಬಿ ಮುಗಿದಾಗ ಒಂದೊಂದೂ ಸುಮಾರು 45 ಕಿಲೋ ತೂಗುತ್ತದೆ.

ಮದ್ದು ತುಂಬುವುದು ಇಲ್ಲಲ್ಲ. ಅದಕ್ಕಾಗಿ ಒಡಲು ಅಯೋವಾ ರಾಜ್ಯದ ಇನ್ನೊಂದು ಕಾರ್ಖಾನೆಗೆ ಹೋಗಬೇಕು. ಅಲ್ಲಿಂದ ಬಂದರು, ಅಟ್ಲಾಂಟಿಕ್ ಸಾಗರ, ಜರ್ಮನಿ, ಪೋಲೆಂಡ್. ಕೊನೆಗೆ ಉಕ್ರೇನಿನ ರೈಲು, ಲಾರಿ, ಯಾವುದೋ ಸೂರ್ಯಕಾಂತಿ ಹೊಲದ ಅಂಚಿನಲ್ಲಿ ಬಲೆ ಹೊದ್ದು ಕೂತ ಫಿರಂಗಿ. ಇಷ್ಟೆಲ್ಲ ದಾರಿ ಸವೆಸಿ ಬಂದದ್ದು ಅರೆನಿಮಿಷದಲ್ಲಿ ಹಾರಿಹೋಗುತ್ತದೆ. ಫಿರಂಗಿಯವರು ಮುಂದಿನದಕ್ಕೆ ಕೈ ಚಾಚುತ್ತಾರೆ. ಅದು ಅಲ್ಲಿರುತ್ತದೋ ಇಲ್ಲವೋ ಎಂಬುದು ವಾಷಿಂಗ್ಟನ್ನಿನಲ್ಲಿ ತಿಂಗಳುಗಳ ಹಿಂದೆಯೇ ತೀರ್ಮಾನವಾಗಿರುತ್ತದೆ.

ಉಕ್ರೇನಿಗೆ ಅಮೆರಿಕದ ಸೇನಾ ನೆರವು ಎಂದಾಗ ನಮ್ಮ ಕಣ್ಣಿಗೆ ಬೀಳುವುದು ಪತ್ರಿಕೆಯ ಮೊದಲ ಪುಟದ ಡಾಲರ್ ಮೊತ್ತ. ಡಾಲರ್ ನೋಡಿದರೆ ಈ ವ್ಯವಹಾರದ ಅರ್ಧವೂ ತಿಳಿಯುವುದಿಲ್ಲ. ಯಾವ ವಸ್ತು, ಯಾವ ದಿನ ತಲುಪಿತು ಎಂದು ಕೇಳಬೇಕು. ಈ ನೆರವಿನ ಗೆಲುವು ಸೋಲುಗಳೆಲ್ಲ ಆ ದಿನಾಂಕಗಳಲ್ಲೇ ಅಡಗಿವೆ.

ಕಂಬಳಿ ಕೊಟ್ಟ ಕಾಲ

ಕಥೆ 2022ಕ್ಕೆ ಶುರುವಾಗುವುದಿಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಜಗತ್ತಿನ ಮೂರನೇ ಅತಿ ದೊಡ್ಡ ಅಣ್ವಸ್ತ್ರ ದಾಸ್ತಾನು ಉಳಿದದ್ದು ಉಕ್ರೇನ್ ನೆಲದಲ್ಲಿ. ದೂರಗಾಮಿ ಸಿಡಿತಲೆಗಳೇ ಸುಮಾರು 1,900 ಇದ್ದವು. 1994ರ ಡಿಸೆಂಬರಿನಲ್ಲಿ ಬುಡಾಪೆಸ್ಟ್‌ನಲ್ಲಿ ಸಹಿ ಹಾಕಿ ಉಕ್ರೇನ್ ಅವನ್ನೆಲ್ಲ ಬಿಟ್ಟುಕೊಡಲು ಒಪ್ಪಿತು. ಬದಲಿಗೆ ಅದರ ಗಡಿಗಳನ್ನು ಗೌರವಿಸುವುದಾಗಿ ರಷ್ಯಾ, ಅಮೆರಿಕ, ಬ್ರಿಟನ್ ಮಾತು ಕೊಟ್ಟವು. ಗಡಿ ಮುರಿದರೆ ಸೈನ್ಯ ಕಳಿಸುತ್ತೇವೆ ಎಂದು ಮಾತ್ರ ಯಾರೂ ಬರೆದುಕೊಡಲಿಲ್ಲ. ಉಕ್ರೇನ್ ನ್ಯಾಟೋ ಸದಸ್ಯ ದೇಶವೂ ಅಲ್ಲ. ಹಾಗಾಗಿಯೇ ಅದರ ಮಿತ್ರರು ಕಳಿಸುವುದು ಶಸ್ತ್ರವನ್ನು, ಸೈನಿಕರನ್ನಲ್ಲ.

2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿ, ಪೂರ್ವ ಉಕ್ರೇನಿನ ಡಾನ್‌ಬಾಸ್‌ನಲ್ಲಿ ಬಂಡಾಯಕ್ಕೆ ಬೆಂಬಲ ಕೊಟ್ಟಾಗ ಒಬಾಮ ಸರ್ಕಾರ ಕಳಿಸಿದ್ದು ಕಂಬಳಿ, ಸಿದ್ಧ ಆಹಾರ, ರಾತ್ರಿ ಕಾಣುವ ಕನ್ನಡಕ, ರೇಡಾರ್. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನೆದುರು ನಿಂತ ಉಕ್ರೇನಿನ ಅಂದಿನ ಅಧ್ಯಕ್ಷ ಪೆಟ್ರೋ ಪೊರೊಶೆಂಕೊ, ಕಂಬಳಿಯಿಂದ ಯುದ್ಧ ಗೆಲ್ಲಲಾಗದು ಎಂಬರ್ಥದ ಮಾತಾಡಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಶಸ್ತ್ರ ಮಾತ್ರ ಬರಲಿಲ್ಲ.

ಟ್ಯಾಂಕ್ ಒಡೆಯುವ ಜಾವೆಲಿನ್ ಕ್ಷಿಪಣಿಗೆ ಒಪ್ಪಿಗೆ ಸಿಕ್ಕಿದ್ದು 2017ರ ಕೊನೆಯಲ್ಲಿ, ಟ್ರಂಪ್ ಅವರ ಮೊದಲ ಅವಧಿಯಲ್ಲಿ. ಅದೇ ಟ್ರಂಪ್ 2019ರಲ್ಲಿ ಸುಮಾರು 40 ಕೋಟಿ ಡಾಲರ್ ನೆರವನ್ನು ತಡೆಹಿಡಿದರು. ಆ ಜುಲೈ 25ರಂದು ಉಕ್ರೇನಿನ ಹೊಸ ಅಧ್ಯಕ್ಷ ಝೆಲೆನ್‌ಸ್ಕಿ ಜತೆ, ತನ್ನ ಚುನಾವಣಾ ಎದುರಾಳಿಯ ಮೇಲೆ ತನಿಖೆ ಕೇಳಿ ಆಡಿದ ಫೋನ್ ಮಾತು ಅವರನ್ನು ಮಹಾಭಿಯೋಗದವರೆಗೆ ಎಳೆದೊಯ್ದಿತು. ಒಂದು ದೇಶದ ಶಸ್ತ್ರದ ಕಪಾಟು ಇನ್ನೊಂದು ದೇಶದ ಚುನಾವಣಾ ರಾಜಕೀಯಕ್ಕೆ ಗಂಟು ಬಿದ್ದದ್ದು ಆಗಲೇ. ಆ ಗಂಟು ಮುಂದೆ ಬಿಗಿಯಾಯಿತೇ ಹೊರತು ಬಿಚ್ಚಲಿಲ್ಲ.

ಹಳೇ ಅಕ್ಕಿ, ಹೊಸ ಅಕ್ಕಿ

2022ರ ಫೆಬ್ರುವರಿ 24ರಂದು ರಷ್ಯಾದ ಪಡೆಗಳು ಮೂರು ಕಡೆಯಿಂದ ನುಗ್ಗಿದವು. ಎರಡೇ ದಿನಕ್ಕೆ ಅಮೆರಿಕ 35 ಕೋಟಿ ಡಾಲರ್ ಮೌಲ್ಯದ ಶಸ್ತ್ರ ಘೋಷಿಸಿತು. ಅಷ್ಟು ಬೇಗ ಹೇಗಾಯಿತು?

1961ರ ವಿದೇಶಿ ನೆರವು ಕಾಯ್ದೆಯಲ್ಲಿ ಒಂದು ಕಲಮು ಇದೆ. ತುರ್ತು ಬಂದರೆ ಅಧ್ಯಕ್ಷ ಸಂಸತ್ತಿಗೆ ತಿಳಿಸಿ, ತನ್ನದೇ ಸೈನ್ಯದ ಉಗ್ರಾಣದಿಂದ ಸಾಮಾನು ತೆಗೆದು ಬೇರೆ ದೇಶಕ್ಕೆ ಕೊಡಬಹುದು. ಹೊಸ ಟೆಂಡರ್ ಬೇಡ, ಕಾರ್ಖಾನೆಗೆ ಕಾಯುವುದು ಬೇಡ. ಮಾಮೂಲಿನಲ್ಲಿ ಇದರ ಮಿತಿ ವರ್ಷಕ್ಕೆ 10 ಕೋಟಿ ಡಾಲರ್. ಉಕ್ರೇನಿಗಾಗಿ ಕಾಂಗ್ರೆಸ್ ಅದನ್ನು 2022ರ ಆರ್ಥಿಕ ವರ್ಷಕ್ಕೆ 1,100 ಕೋಟಿಗೆ, ಮರುವರ್ಷ 1,450 ಕೋಟಿಗೆ ಏರಿಸಿತು. ಅಂದಿನ ಅಧ್ಯಕ್ಷ ಬೈಡನ್ ಈ ಬಾಗಿಲನ್ನು ಐವತ್ತಕ್ಕೂ ಹೆಚ್ಚು ಸಲ ತೆರೆದರು. ಸಹಿ ಬಿದ್ದ ಕೆಲವೇ ದಿನಗಳಲ್ಲಿ ಪೆಟ್ಟಿಗೆಗಳು ಪೋಲೆಂಡ್ ಗಡಿಯಲ್ಲಿರುತ್ತಿದ್ದವು.

ಕೊಟ್ಟದ್ದರಲ್ಲಿ ಬಹಳಷ್ಟು ಹಳೆಯದು. 1980ರ ದಶಕದ ಕವಚ ವಾಹನ, ಅವಧಿ ಮುಗಿಯಲು ಬಂದ ಕ್ಷಿಪಣಿ. ಖಾಲಿಯಾದ ಜಾಗಕ್ಕೆ ಅಮೆರಿಕದ ಸೈನ್ಯ ಹೊಸದನ್ನು ಕೊಳ್ಳುತ್ತದೆ, ಆ ದುಡ್ಡು ಅಮೆರಿಕದ ಕಂಪನಿಗಳಿಗೇ ಹೋಗುತ್ತದೆ. ಕಣಜದ ಹಳೇ ಅಕ್ಕಿಯನ್ನು ಪಕ್ಕದ ಮನೆಗೆ ಅಳೆದುಕೊಟ್ಟು, ಅದರ ಲೆಕ್ಕದಲ್ಲಿ ಹೊಸ ಅಕ್ಕಿ ತುಂಬಿಸಿಕೊಂಡ ಹಾಗೆ. ಪಕ್ಕದ ಮನೆಯವರ ಹೊಟ್ಟೆ ತುಂಬಿತು, ಅದು ಸುಳ್ಳಲ್ಲ. ನಮ್ಮ ಕಣಜಕ್ಕೂ ಹೊಸ ಬೆಳೆ ಬಂತು, ಅದೂ ಸುಳ್ಳಲ್ಲ.

ಹಾಗಾದರೆ ಹಳೇ ಅಕ್ಕಿಗೆ ಎಷ್ಟು ಬೆಲೆ ಕಟ್ಟಬೇಕು? ಇದು ತಮಾಷೆಯ ಪ್ರಶ್ನೆಯಲ್ಲ. 2023ರ ಜೂನಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ ಒಂದು ಎಡವಟ್ಟು ಒಪ್ಪಿಕೊಂಡಿತು. ಕೊಟ್ಟ ಹಳೇ ಶಸ್ತ್ರಗಳಿಗೆ ಹೊಸದನ್ನು ಕೊಳ್ಳುವ ಬೆಲೆ ಹಾಕಿಬಿಟ್ಟಿದ್ದರು. ಸವೆದ ಮೇಲಿನ ಬೆಲೆಯಲ್ಲಿ ಲೆಕ್ಕ ತಿರುಗಿಸಿದಾಗ 620 ಕೋಟಿ ಡಾಲರ್ ಕೈಯಲ್ಲೇ ಉಳಿದಿತ್ತು. ಒಂದೂ ಗುಂಡು ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಆದರೆ ಅಷ್ಟು ಮೊತ್ತದ ಶಸ್ತ್ರ ಇನ್ನೂ ಕೊಡಲು ಅವಕಾಶ ಸಿಕ್ಕಿತು. ಮೊದಲ ಪುಟದ ಡಾಲರ್ ಎಷ್ಟು ಹಗುರ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೇ ಬಾಗಿಲು ನಿಧಾನದ್ದು. ಇಲ್ಲಿ ಅಮೆರಿಕದ ಸರ್ಕಾರ ಉಕ್ರೇನಿನ ಹೆಸರಿನಲ್ಲಿ ಕಾರ್ಖಾನೆಗಳಿಗೆ ಹೊಸದಾಗಿ ಆರ್ಡರ್ ಕೊಡುತ್ತದೆ. 2022ರ ಆಗಸ್ಟ್ 24, ಉಕ್ರೇನಿನ ಸ್ವಾತಂತ್ರ್ಯ ದಿನದಂದು, ಸುಮಾರು 300 ಕೋಟಿ ಡಾಲರಿನ ಇಂಥ ಕಂತೊಂದು ಘೋಷಣೆಯಾಯಿತು. ಎಲ್ಲೆಡೆ ಸುದ್ದಿಯೂ ಆಯಿತು. ಅದರೊಳಗಿನ ಹಲವು ಶಸ್ತ್ರಗಳು ಸೈನಿಕರ ಕೈ ಸೇರಲು ಒಂದರಿಂದ ಮೂರು ವರ್ಷ ಬೇಕಿತ್ತು. ಮೂರನೆಯದೊಂದು ಬಾಗಿಲೂ ಇದೆ. ಶಸ್ತ್ರ ಕೊಳ್ಳಲೆಂದೇ ಕೊಡುವ ಅನುದಾನ ಮತ್ತು ಸಾಲ. ಈ ಯುದ್ಧದಲ್ಲಿ ಅದರ ಪಾತ್ರ ಸಣ್ಣದು.

ಒಟ್ಟು ಎಷ್ಟು?

ಟ್ರಂಪ್ ಬಾಯಲ್ಲಿ ಈ ಮೊತ್ತ 35,000 ಕೋಟಿ ಡಾಲರ್ ಎಂದು ಹಲವು ಸಲ ಬಂದಿದೆ. ಕಡತ ಬೇರೆಯದನ್ನೇ ಹೇಳುತ್ತದೆ. 2022ರಿಂದ 2024ರ ಏಪ್ರಿಲ್‌ವರೆಗೆ ಕಾಂಗ್ರೆಸ್ ಐದು ಮಸೂದೆಗಳಲ್ಲಿ ಮಂಜೂರು ಮಾಡಿದ್ದು ಒಟ್ಟು 17,500 ಕೋಟಿ ಡಾಲರಿನಷ್ಟು. ಇದರಲ್ಲಿ ನಿರಾಶ್ರಿತರ ಅನ್ನ ಔಷಧ, ಉಕ್ರೇನಿನ ಶಿಕ್ಷಕರು ಮತ್ತು ದಾದಿಯರ ಸಂಬಳ, ಯುರೋಪಿನಲ್ಲಿ ಹೆಚ್ಚುವರಿಯಾಗಿ ನಿಂತ ಅಮೆರಿಕದ ಪಡೆಗಳ ಖರ್ಚು ಎಲ್ಲ ಸೇರಿದೆ. ದಾಳಿ ಶುರುವಾದಾಗಿನಿಂದ 2025ರ ಜನವರಿವರೆಗೆ ಉಕ್ರೇನಿಗೆ ಕೊಡುವುದಾಗಿ ಒಪ್ಪಿದ ನೇರ ಸೇನಾ ನೆರವು ಸುಮಾರು 6,600 ಕೋಟಿ ಡಾಲರ್. ಇದು ಚಿಕ್ಕ ಮೊತ್ತವಲ್ಲ. ಆದರೆ ಸೂಟ್‌ಕೇಸಿನಲ್ಲಿ ಕೀವ್‌ಗೆ ಹೋದ ನೋಟಿನ ಕಟ್ಟೂ ಅಲ್ಲ.

ಇದಕ್ಕೊಂದು ಹಿರಿಯ ಪೂರ್ವಜ ಇದೆ. 1941ರ ಮಾರ್ಚ್ 11ರಂದು ರೂಸ್‌ವೆಲ್ಟ್ ಸಹಿ ಹಾಕಿದ ಲೆಂಡ್-ಲೀಸ್ ಕಾಯ್ದೆ. ಹಿಟ್ಲರನ ವಿರುದ್ಧ ಹೋರಾಡುವವರಿಗೆ ಶಸ್ತ್ರವನ್ನು ಮಾರುವುದಲ್ಲ, ಎರವಲು ಕೊಡುವುದು. ಅಂದಿನ ಬೆಲೆಯಲ್ಲಿ ಸುಮಾರು 5,000 ಕೋಟಿ ಡಾಲರ್ ಸರಕು ಹೀಗೆ ಹೋಯಿತು. ದೊಡ್ಡ ಪಾಲು ಬ್ರಿಟನ್ನಿಗೆ, ಆಮೇಲಿನ ಪಾಲು ಸೋವಿಯತ್ ಒಕ್ಕೂಟಕ್ಕೆ. ಸ್ಟಾಲಿನ್‌ಗೆ ಬಂದ ಟ್ರಕ್ಕು ಜೀಪುಗಳೇ ಸುಮಾರು ನಾಲ್ಕು ಲಕ್ಷ. ಉಕ್ರೇನಿನ ಬಯಲುಗಳಿಂದ ಜರ್ಮನ್ನರನ್ನು ಹಿಮ್ಮೆಟ್ಟಿಸಿದ ಕೆಂಪು ಸೇನೆ ಕೂತು ಸಾಗಿದ್ದು ಹೆಚ್ಚಾಗಿ ಅಮೆರಿಕದ ಸ್ಟುಡಿಬೇಕರ್ ಟ್ರಕ್ಕುಗಳಲ್ಲಿ. ರಷ್ಯಾದ ಇಂದಿನ ಭಾಷಣಗಳಲ್ಲಿ ಈ ಅಧ್ಯಾಯಕ್ಕೆ ಹೆಚ್ಚು ಜಾಗವಿಲ್ಲ.

2022ರ ಮೇ 9ರಂದು, ರಷ್ಯಾ ವಿಜಯ ದಿನ ಆಚರಿಸುವ ದಿನವೇ, ಬೈಡನ್ ಉಕ್ರೇನಿಗಾಗಿ ಅದೇ ಹೆಸರಿನ ಹೊಸ ಕಾಯ್ದೆಗೆ ಸಹಿ ಹಾಕಿದರು. ಫೋಟೊ ಚೆನ್ನಾಗಿ ಬಂತು. ಕಾಯ್ದೆಯನ್ನು ಒಮ್ಮೆಯೂ ಬಳಸಲಿಲ್ಲ, ಮರುವರ್ಷ ಅದರ ಅವಧಿ ಮುಗಿಯಿತು.

ಮದ್ದಿಗೆ ಬರ

ಜಗತ್ತಿನ ಅತಿ ದೊಡ್ಡ ಸೇನಾ ಬಜೆಟ್ಟಿನ ದೇಶದಲ್ಲಿ ಫಿರಂಗಿ ಗುಂಡಿಗೆ, ಅಂದರೆ ಶೆಲ್ಲಿಗೆ, ಕೊರತೆ ಬಿದ್ದೀತು ಎಂದು ಯಾರು ಎಣಿಸಿದ್ದರು? ಉಕ್ರೇನಿನ ಸೈನ್ಯ ಸೋವಿಯತ್ ಕಾಲದ 152 ಮಿ.ಮೀ. ಫಿರಂಗಿಗಳನ್ನು ನಂಬಿತ್ತು. ಅದಕ್ಕೆ ಹೊಂದುವ ಗುಂಡಿನ ದೊಡ್ಡ ರಾಶಿ ಇದ್ದದ್ದು ಶತ್ರುವಿನ ಬಳಿ. ಹೊರಗಿನ ಮಾರುಕಟ್ಟೆಯಲ್ಲಿ ಸಿಕ್ಕಷ್ಟನ್ನೂ ಗುಡಿಸಿ ಕೊಂಡ ಮೇಲೆ, 2022ರ ಏಪ್ರಿಲಿನಲ್ಲಿ ಅಮೆರಿಕ ತನ್ನ ಎಂ777 ಹೋವಿಟ್ಜರ್‌ಗಳನ್ನು ಕಳಿಸತೊಡಗಿತು. ಭಾರತದ ಸೈನ್ಯವೂ ಕೊಂಡಿರುವ ಫಿರಂಗಿ ಇದೇ. ಹೀಗೆ ಉಕ್ರೇನ್ ಯುದ್ಧದ ನಡುವೆಯೇ 155 ಮಿ.ಮೀ.ಗೆ ಬದಲಾಯಿತು. ಅಂದಿನಿಂದ ಅದರ ಉಸಿರು ಪಶ್ಚಿಮದ ಕಾರ್ಖಾನೆಗಳ ಕೈಯಲ್ಲಿ.

ಆ ಕಾರ್ಖಾನೆಗಳ ಗತಿಯೋ! ಯುದ್ಧಕ್ಕೆ ಮೊದಲು ಅಮೆರಿಕ ತಿಂಗಳಿಗೆ ತಯಾರಿಸುತ್ತಿದ್ದುದು ಸುಮಾರು 14,000 ಶೆಲ್. ಕಾಳಗ ಬಿರುಸಾದ ದಿನಗಳಲ್ಲಿ ಉಕ್ರೇನ್ ಎರಡು ಮೂರು ದಿನಕ್ಕೇ ಅಷ್ಟನ್ನು ಹಾರಿಸುತ್ತಿತ್ತು. ರಷ್ಯಾ ಅದರ ಹಲವು ಪಟ್ಟು. ಶೀತಲ ಸಮರ ಮುಗಿದ ಮೇಲೆ ಅಮೆರಿಕ ಕಟ್ಟಿದ ಸೈನ್ಯ ವಿಮಾನದ ಬಲದಿಂದ ಬೇಗ ಮುಗಿಸುವ ಯುದ್ಧಗಳಿಗೆ. ವರ್ಷಗಟ್ಟಲೆ ಫಿರಂಗಿಗೆ ಫಿರಂಗಿ ಉತ್ತರ ಕೊಡುವ ಕಾಲ ಮತ್ತೆ ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. 2025ರ ಕೊನೆಗೆ ತಿಂಗಳಿಗೆ ಒಂದು ಲಕ್ಷ ಎಂಬ ಗುರಿ ಇಟ್ಟರು. ಟೆಕ್ಸಸ್‌ನಲ್ಲಿ ಹೊಸ ಕಾರ್ಖಾನೆ ತೆರೆದರು. ಆದರೂ 2025ರಲ್ಲಿ ಉತ್ಪಾದನೆ ಸುತ್ತುತ್ತಿದ್ದುದು 40,000ದ ಆಸುಪಾಸಿನಲ್ಲಿ.

ಉಕ್ಕು ಸಿಗುತ್ತದೆ, ಕುಲುಮೆಯನ್ನೂ ಕಟ್ಟಬಹುದು. ಒಳಗೆ ತುಂಬುವ ಟಿಎನ್‌ಟಿ ಎಲ್ಲಿಂದ ತರುವುದು? ಅದನ್ನು ತಯಾರಿಸುವುದನ್ನು ಅಮೆರಿಕ 1986ರಲ್ಲೇ ನಿಲ್ಲಿಸಿತ್ತು. ಮಾಲಿನ್ಯ ಜಾಸ್ತಿ, ಹೊರಗೆ ಅಗ್ಗಕ್ಕೆ ಸಿಗುತ್ತದೆ ಎಂಬ ಲೆಕ್ಕ. ಹಾಗೆ ಅಮೆರಿಕಕ್ಕೆ ಟಿಎನ್‌ಟಿ ಮಾರುತ್ತಿದ್ದವರಲ್ಲಿ ಉಕ್ರೇನಿನ ರುಬಿಝ್ನೆ ಊರಿನ ಕಾರ್ಖಾನೆಯೂ ಒಂದು. 2022ರ ವಸಂತದಲ್ಲಿ ರಷ್ಯಾ ಆ ಊರನ್ನೇ ವಶಪಡಿಸಿಕೊಂಡಿತು. ಉಳಿದ ಮುಖ್ಯ ಆಸರೆ ಪೋಲೆಂಡಿನ ಒಂದು ಕಾರ್ಖಾನೆ. ಕೆಂಟಕಿ ರಾಜ್ಯದಲ್ಲಿ ಹೊಸ ಟಿಎನ್‌ಟಿ ಘಟಕ ಕಟ್ಟಲು ಅಮೆರಿಕದ ಸೈನ್ಯ ಗುತ್ತಿಗೆ ಕೊಟ್ಟದ್ದು 2024ರ ನವೆಂಬರಿನಲ್ಲಿ. ಅಷ್ಟರಲ್ಲಿ ಯುದ್ಧಕ್ಕೆ ಮೂರು ವರ್ಷ ತುಂಬಲು ಬಂದಿತ್ತು.

ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಸೈನ್ಯ ಅದನ್ನು ಕೊಳ್ಳುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೆಲವು ಬಿಡಿಭಾಗಗಳು ಜಗತ್ತಿನಲ್ಲೇ ತಯಾರಾಗುತ್ತಿರಲಿಲ್ಲ. ತಯಾರಕ ರೇಥಿಯಾನ್ ಕಂಪನಿ ಎಪ್ಪತ್ತು ದಾಟಿದ ನಿವೃತ್ತ ಎಂಜಿನಿಯರುಗಳನ್ನು ಮನೆಯಿಂದ ಕರೆಸಿ, ಹಳೇ ನಕ್ಷೆ ಬಿಡಿಸಿ, ಹೊಸ ಹುಡುಗರಿಗೆ ಪಾಠ ಹೇಳಿಸಬೇಕಾಯಿತು. ಶಸ್ತ್ರ ಉದ್ಯಮ ಎಂದರೆ ಯಂತ್ರ ಮತ್ತು ಬಂಡವಾಳ ಎಂದು ನಂಬಿರುವವರು ಇದನ್ನು ಗಮನಿಸಬೇಕು.

ಯಶೊಂಕಾದ ರನ್‌ವೇ

ಪೋಲೆಂಡಿನ ಆಗ್ನೇಯ ಮೂಲೆಯಲ್ಲಿ ಝೆಶೂಫ್ ಎಂಬ ನಗರ. ಅದರ ಹೊರಗೆ ಯಶೊಂಕಾ ವಿಮಾನ ನಿಲ್ದಾಣ. ಮೊದಲು ಅಲ್ಲಿ ಇಳಿಯುತ್ತಿದ್ದುದು ಅಗ್ಗದ ದರದ ಪ್ರಯಾಣಿಕ ವಿಮಾನಗಳು. ಉಕ್ರೇನ್ ಗಡಿ ನೂರು ಕಿಲೋಮೀಟರಿನೊಳಗೆ. ಯುದ್ಧ ಶುರುವಾದ ಮೇಲೆ ಪಶ್ಚಿಮದ ಶಸ್ತ್ರ ನೆರವಿನ ಬಹುಪಾಲು ಹಾದದ್ದು ಈ ರನ್‌ವೇ ಮತ್ತು ಸುತ್ತಲಿನ ರಸ್ತೆ ರೈಲುಗಳ ಮೂಲಕ. ಅದರ ಕಾವಲಿಗೆ ಪೇಟ್ರಿಯಟ್ ಕ್ಷಿಪಣಿಗಳು ನಿಂತವು.

ತುರ್ತಿನದು ಡೆಲಾವೇರ್ ರಾಜ್ಯದ ಡೋವರ್ ವಾಯುನೆಲೆಯಿಂದ ಹಾರಿ ಬರುತ್ತದೆ, ಭಾರದ್ದು ಹಡಗಿನಲ್ಲಿ ಜರ್ಮನಿಯ ಬಂದರು ಸೇರುತ್ತದೆ. ರೈಲಿನಲ್ಲಿ ಬಂದದ್ದು ಉಕ್ರೇನ್ ಗಡಿಯಲ್ಲಿ ಮತ್ತೆ ಎಡವುತ್ತದೆ. ಪೋಲೆಂಡಿನ ಹಳಿಗಳ ಅಂತರ 1,435 ಮಿ.ಮೀ., ಉಕ್ರೇನಿನದು 1,520. ಒಂದು ಗೇಣಿಗಿಂತ ಕಡಿಮೆ ವ್ಯತ್ಯಾಸಕ್ಕೆ ಇಡೀ ಗಾಡಿಯ ಸರಕು ಇಳಿಸಿ ಏರಿಸಬೇಕು, ಇಲ್ಲವೇ ಗಾಲಿ ಬದಲಿಸಬೇಕು. ತ್ಸಾರ್ ಕಾಲದ ರೈಲು ಎಂಜಿನಿಯರುಗಳು ಮಾಡಿಟ್ಟ ತೀರ್ಮಾನ ಇಂದಿಗೂ ಬಿಲ್ಲು ಕಳಿಸುತ್ತಿದೆ.

ಯಾರಿಗೆ ಏನು ಬೇಕು, ಯಾರ ಬಳಿ ಏನಿದೆ ಎಂಬ ಹೊಂದಾಣಿಕೆ ನಡೆದದ್ದು ಜರ್ಮನಿಯಲ್ಲಿ. 2022ರ ಏಪ್ರಿಲ್ 26ರಂದು ರಾಮ್‌ಸ್ಟೈನ್ ವಾಯುನೆಲೆಯಲ್ಲಿ ಸುಮಾರು ನಲವತ್ತು ದೇಶಗಳ ರಕ್ಷಣಾ ಮುಖ್ಯಸ್ಥರು ಮೊದಲ ಸಲ ಸೇರಿದರು. ಆ ಕೂಟ ಆಮೇಲೆ ಐವತ್ತು ದಾಟಿತು. ದಿನನಿತ್ಯದ ಕೆಲಸಕ್ಕೆ ವೀಸ್‌ಬಾಡನ್‌ನಲ್ಲಿ ಅಮೆರಿಕದ ಪ್ರತ್ಯೇಕ ಕಮಾಂಡ್ ಹುಟ್ಟಿಕೊಂಡಿತು.

ಕೊಟ್ಟ ಮೇಲೆ ಕೆಟ್ಟರೆ? ಅಮೆರಿಕದ ಮೆಕ್ಯಾನಿಕ್ ಉಕ್ರೇನಿನೊಳಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಪೋಲೆಂಡಿನಲ್ಲಿ ಕೂತ ಅಮೆರಿಕದ ತಂತ್ರಜ್ಞರು, ಕಂದಕದ ಬಳಿ ಸ್ಪ್ಯಾನರ್ ಹಿಡಿದ ಉಕ್ರೇನಿನ ಸೈನಿಕನಿಗೆ ಫೋನ್ ಪರದೆಯಲ್ಲಿ, ದುಭಾಷಿಯ ಮೂಲಕ, ಯಾವ ಬೋಲ್ಟ್ ಬಿಚ್ಚಬೇಕೆಂದು ಹೇಳಿಕೊಡುತ್ತಿದ್ದರು. ಸವೆದ ಫಿರಂಗಿ ನಳಿಕೆಗಳು ಪೋಲೆಂಡಿಗೇ ವಾಪಸು ಬಂದು ಹೊಸದಾಗಿ ಹೋಗುತ್ತಿದ್ದವು. ನೆರವಿನ ಪಟ್ಟಿಯಲ್ಲಿ ಇಂಥದ್ದು ಎದ್ದು ಕಾಣುವುದಿಲ್ಲ. ಇದಿಲ್ಲದಿದ್ದರೆ ಆ ಎಂ777ಗಳು ಕೆಲವೇ ತಿಂಗಳಲ್ಲಿ ಹಳೇ ಕಬ್ಬಿಣ.

ಕಳ್ಳಸಂತೆಗೆ ಹೋಗಿಲ್ಲವೇ ಎಂಬ ಪ್ರಶ್ನೆಯೂ ಎದ್ದಿತು. ಜಾವೆಲಿನ್, ಸ್ಟಿಂಗರ್, ರಾತ್ರಿ ಕನ್ನಡಕದಂಥ ಸೂಕ್ಷ್ಮ ವಸ್ತುಗಳನ್ನು ಕ್ರಮಸಂಖ್ಯೆ ಹಿಡಿದು ಎಣಿಸಬೇಕೆಂಬುದು ನಿಯಮ. 2024ರ ಜನವರಿಯಲ್ಲಿ ಪೆಂಟಗನ್ನಿನ ಮಹಾತಪಾಸಕರು, 100 ಕೋಟಿ ಡಾಲರಿಗೂ ಮಿಕ್ಕ ಇಂಥ ಸಾಮಗ್ರಿಯ ಎಣಿಕೆ ಹೊತ್ತಿಗೆ ಸರಿಯಾಗಿ ಆಗಿಲ್ಲ ಎಂದು ವರದಿ ಕೊಟ್ಟರು. ಕಳುವಾಗಿದೆ ಎಂದು ಹೇಳಲಿಲ್ಲ, ಲೆಕ್ಕ ಆಗಿಲ್ಲ ಎಂದರು. ಟಿ.ವಿ. ಚರ್ಚೆಗಳಲ್ಲಿ ಎರಡೂ ಒಂದೇ ಆಗಿಹೋಯಿತು.

ಕೊಟ್ಟರೂ ಬೀಗದ ಕೈ ಬಿಡಲಿಲ್ಲ

ಶಸ್ತ್ರ ಕೈಗೆ ಬಂದ ಮಾತ್ರಕ್ಕೆ ಅದು ಪಡೆದವನದಾಗುವುದಿಲ್ಲ. ಅಮೆರಿಕದ ಶಸ್ತ್ರವನ್ನು ಇನ್ನೊಬ್ಬರಿಗೆ ದಾಟಿಸಲು ಅಮೆರಿಕದ ಒಪ್ಪಿಗೆ ಬೇಕು. ಡೆನ್ಮಾರ್ಕ್, ನೆದರ್ಲೆಂಡ್ಸ್ ತಮ್ಮದೇ ಎಫ್-16 ವಿಮಾನಗಳನ್ನು ಉಕ್ರೇನಿಗೆ ಕೊಡಲು ವಾಷಿಂಗ್ಟನ್ನಿನ ತಲೆದೂಗುವಿಕೆಗೆ ಕಾದವು. ಅದು ಸಿಕ್ಕಿದ್ದು 2023ರ ಆಗಸ್ಟಿನಲ್ಲಿ, ವಿಮಾನ ಉಕ್ರೇನಿನ ಆಕಾಶದಲ್ಲಿ ಕಂಡದ್ದು ಮರುವರ್ಷದ ಆಗಸ್ಟಿನಲ್ಲಿ. ಭಾರತವೂ ಇಂಥ ಕರಾರಿನ ಬಗ್ಗೆ ಮಾತಾಡಬೇಕಾಗಿ ಬಂದಿದೆ. ಭಾರತದಲ್ಲಿ ತಯಾರಾದ ಶೆಲ್ಲುಗಳು ಯುರೋಪಿನ ಗಿರಾಕಿಗಳ ಮೂಲಕ ಉಕ್ರೇನ್ ಸೇರಿವೆ ಎಂದು 2024ರ ಸೆಪ್ಟೆಂಬರಿನಲ್ಲಿ ರಾಯ್ಟರ್ಸ್ ವರದಿ ಮಾಡಿದಾಗ, ನಮ್ಮ ವಿದೇಶಾಂಗ ಸಚಿವಾಲಯ ಅದನ್ನು ಊಹಾಪೋಹವೆಂದು ತಳ್ಳಿಹಾಕಿತು.

ಎಲ್ಲಿಗೆ ಗುರಿ ಇಡಬಹುದು ಎಂಬುದಕ್ಕೂ ಗೆರೆ ಎಳೆದಿದ್ದರು. ಹಾರ್ಕಿವ್ ನಗರ ರಷ್ಯಾದ ಗಡಿಯಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರ. ನಮ್ಮವರಿಗೆ ಅದು ಅಪರಿಚಿತ ಹೆಸರಲ್ಲ. ಕರ್ನಾಟಕದ ಎಷ್ಟೋ ಮಕ್ಕಳು ಅಲ್ಲಿ ವೈದ್ಯಕೀಯ ಓದುತ್ತಿದ್ದರು. 2022ರ ಮಾರ್ಚ್ 1ರಂದು ದಿನಸಿ ತರಲು ಹೊರಬಂದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದದ್ದು ಅಲ್ಲಿಯೇ. 2024ರ ಮೇ ತಿಂಗಳಲ್ಲಿ ಗಡಿಯಾಚೆಯ ಬೆಲ್ಗೊರೊದ್ ಪ್ರಾಂತ್ಯದಲ್ಲಿ ರಷ್ಯಾದ ಪಡೆಗಳು ಸೇರುತ್ತಿರುವುದು ಉಕ್ರೇನಿಗೆ ಕಾಣುತ್ತಿತ್ತು. ಅವುಗಳನ್ನು ಮುಟ್ಟಬಲ್ಲ ಹಿಮಾರ್ಸ್ ರಾಕೆಟ್ ವ್ಯವಸ್ಥೆಯೂ ಕೈಯಲ್ಲಿತ್ತು. ಆದರೆ ಅಮೆರಿಕದ ಶಸ್ತ್ರ ರಷ್ಯಾದ ನೆಲಕ್ಕೆ ಬೀಳಕೂಡದೆಂಬ ಷರತ್ತು. ಮೇ 10ರಂದು ಆ ಪಡೆಗಳು ಗಡಿ ದಾಟಿದವು. ಷರತ್ತು ಸಡಿಲವಾದದ್ದು ತಿಂಗಳ ಕೊನೆಗೆ, ಅದೂ ಆ ಗಡಿಯ ಮಟ್ಟಿಗೆ ಮಾತ್ರ.

ಇದು ಬರೀ ಅಂಜುಬುರುಕತನ ಎನ್ನಲಾರೆ. ಎದುರಿಗಿರುವುದು ಅಣ್ವಸ್ತ್ರದ ದೇಶ. ಒಂದು ಹೆಜ್ಜೆ ತಪ್ಪಿದರೆ ಯುದ್ಧ ಉಕ್ರೇನಿನಲ್ಲೇ ನಿಲ್ಲುವುದಿಲ್ಲ ಎಂಬ ಭಯ ಬೈಡನ್ ಬಳಗಕ್ಕಿದ್ದದ್ದು ಸಹಜ. ಆದರೆ ಪ್ರತಿ ಶಸ್ತ್ರಕ್ಕೂ ಒಂದೇ ನಾಟಕ ನಡೆಯಿತು: ಮೊದಲು ಆಗದು, ಆಮೇಲೆ ನೋಡೋಣ, ತಿಂಗಳುಗಳ ನಂತರ ಸರಿ. ಹಿಮಾರ್ಸ್, ಪೇಟ್ರಿಯಟ್, ಏಬ್ರಾಮ್ಸ್ ಟ್ಯಾಂಕ್, ದೂರಗಾಮಿ ಅಟ್ಯಾಕಮ್ಸ್ ಕ್ಷಿಪಣಿ, ಎಲ್ಲದರ ಕಥೆಯೂ ಇದೇ. 2022ರ ಶರತ್ಕಾಲದಲ್ಲಿ ಹಾರ್ಕಿವ್ ಪ್ರಾಂತ್ಯದಲ್ಲಿ, ಖೆರ್ಸಾನ್‌ನಲ್ಲಿ ರಷ್ಯಾ ಹಿಂದೆ ಸರಿಯುತ್ತಿದ್ದಾಗ ಉಕ್ರೇನಿನ ಬಳಿ ಪಶ್ಚಿಮದ ಟ್ಯಾಂಕುಗಳಿರಲಿಲ್ಲ. ಅವು ಬಂದು, ಸೈನಿಕರು ಕಲಿತು, 2023ರ ಜೂನಿನಲ್ಲಿ ಪ್ರತಿದಾಳಿಗೆ ಇಳಿಯುವಷ್ಟರಲ್ಲಿ ರಷ್ಯಾ ದಕ್ಷಿಣದ ಝಪೊರಿಝಿಯಾದುದ್ದಕ್ಕೂ ಕಂದಕ ತೋಡಿ, ನೆಲಬಾಂಬು ಹೂತು ಕಾದು ಕೂತಿತ್ತು. ಅಮೆರಿಕದ 31 ಏಬ್ರಾಮ್ಸ್‌ಗಳು ತಲುಪತೊಡಗಿದ್ದು ಆ ಸೆಪ್ಟೆಂಬರಿನಲ್ಲಿ. ಹೊತ್ತು ಮೀರಿ ಬಂದ ಶಸ್ತ್ರಕ್ಕೂ ಮೊತ್ತದ ಪಟ್ಟಿಯಲ್ಲಿ ಪೂರ್ತಿ ಬೆಲೆಯೇ.

ಆರು ತಿಂಗಳ ಖಾಲಿ ಕೈ

2023ರ ಅಕ್ಟೋಬರಿನಲ್ಲಿ ಬೈಡನ್ ಹೊಸ ಮೊತ್ತ ಕೇಳಿದರು. ಮೆಕ್ಸಿಕೊ ಗಡಿಯ ವಲಸೆ, ಇಸ್ರೇಲ್, ಬರಲಿರುವ ಚುನಾವಣೆ ಎಲ್ಲವೂ ಆ ಮಸೂದೆಗೆ ಸುತ್ತಿಕೊಂಡವು. ಕೆಳಮನೆಯ ಸಭಾಧ್ಯಕ್ಷ ಮೈಕ್ ಜಾನ್ಸನ್ ತಿಂಗಳುಗಟ್ಟಲೆ ಅದನ್ನು ಮತಕ್ಕೇ ಹಾಕಲಿಲ್ಲ. ಮುಂಚೂಣಿಯಲ್ಲಿ ಶೆಲ್ಲಿಗೆ ಪಡಿತರ ಬಂತು. ಎಲ್ಲಿಗೆ ಹಾರಿಸಬೇಕೆಂಬುದಕ್ಕಿಂತ, ಇಂದು ಎಷ್ಟು ಹಾರಿಸಬಹುದೆಂಬುದೇ ಫಿರಂಗಿ ದಳದ ಪ್ರಶ್ನೆಯಾಯಿತು. 2024ರ ಫೆಬ್ರುವರಿ 17ರಂದು ಡಾನ್‌ಬಾಸ್‌ನ ಅವ್ದಿವ್ಕಾ ಪಟ್ಟಣ ಉಕ್ರೇನಿನ ಕೈತಪ್ಪಿತು. ಮದ್ದಿನ ಕೊರತೆಯೊಂದೇ ಕಾರಣವಲ್ಲ, ರಷ್ಯಾದ ತೇಲಿಬರುವ ಗ್ಲೈಡ್ ಬಾಂಬುಗಳು, ಸೈನಿಕರ ಅಭಾವ ಎಲ್ಲ ಸೇರಿತ್ತು. ಆದರೂ ಎದುರಿನ ಫಿರಂಗಿಗಳಿಗೆ ಉತ್ತರ ಕೊಡಲಾಗದೆ ಹಿಂದೆ ಸರಿದವರಿಗೆ ಕಾರಣಗಳ ಪಟ್ಟಿಯಿಂದ ಏನಾಗಬೇಕು?

ಏಪ್ರಿಲ್ 20ರಂದು ಮಸೂದೆ ಕೊನೆಗೂ ಮತಕ್ಕೆ ಬಂತು. ಪರವಾಗಿ 311, ವಿರುದ್ಧ 112. ಇಷ್ಟು ಬಹುಮತ ಮೊದಲಿನಿಂದಲೂ ಅಲ್ಲೇ ಇತ್ತು, ಸುಮ್ಮನೆ ಕಾದಿತ್ತು. 6,100 ಕೋಟಿ ಡಾಲರ್ ಮಂಜೂರಾಯಿತು. ಕಳೆದ ಊರು ವಾಪಸು ಬರಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಝೆಲೆನ್‌ಸ್ಕಿ ಸ್ಕ್ರ್ಯಾಂಟನ್ ಕಾರ್ಖಾನೆಗೆ ಬಂದು ಕಾರ್ಮಿಕರಿಗೆ ಕೃತಜ್ಞತೆ ಹೇಳಿದರು. ಪೆನ್ಸಿಲ್ವೇನಿಯಾ ಚುನಾವಣೆಯ ಮುಖ್ಯ ರಣಕಣವಾಗಿದ್ದರಿಂದ ಅದೂ ರಾದ್ಧಾಂತವಾಯಿತು. ಭೇಟಿ ಏರ್ಪಡಿಸಿದ ಉಕ್ರೇನಿನ ರಾಯಭಾರಿಯನ್ನು ಕಿತ್ತುಹಾಕಿ ಎಂದು ಜಾನ್ಸನ್ ಪತ್ರ ಬರೆದರು.

ಕೊಡುವವನು ಮಾರುವವನಾದಾಗ

2025ರ ಫೆಬ್ರುವರಿ 28ರಂದು ಶ್ವೇತಭವನದಲ್ಲಿ ಕ್ಯಾಮೆರಾಗಳೆದುರೇ ಟ್ರಂಪ್ ಮತ್ತು ಝೆಲೆನ್‌ಸ್ಕಿ ಜಗಳವಾಡಿದ್ದನ್ನು ಜಗತ್ತೇ ನೋಡಿತು. ಕೆಲವೇ ದಿನಗಳಲ್ಲಿ ಶಸ್ತ್ರ ಸಾಗಣೆ ನಿಂತಿತು, ಬೆನ್ನಿಗೇ ಗುಪ್ತಚರ ಮಾಹಿತಿಯೂ. ರಷ್ಯಾದ ಪಡೆಗಳು ಎಲ್ಲಿವೆ, ಕ್ಷಿಪಣಿ ಎತ್ತ ಬರುತ್ತಿದೆ ಎಂದು ಹೇಳುವ ಕಣ್ಣು ಅದು. ಮಾರ್ಚ್ 11ರ ಜೆಡ್ಡಾ ಮಾತುಕತೆಯ ನಂತರ ಎರಡೂ ಮತ್ತೆ ಶುರುವಾದವು. ಸ್ವಿಚ್ ಎಲ್ಲಿದೆ ಎಂಬುದು ಮಾತ್ರ ಕೀವ್‌ಗೂ ಯುರೋಪಿಗೂ ಸ್ಪಷ್ಟವಾಗಿಹೋಯಿತು.

ಅಲ್ಲಿಂದಾಚೆ ವ್ಯವಹಾರದ ಬಣ್ಣ ಬದಲಾಯಿತು. ಏಪ್ರಿಲ್ ಕೊನೆಗೆ ಉಕ್ರೇನಿನ ಖನಿಜಗಳ ಕುರಿತು ಹೂಡಿಕೆ ನಿಧಿಯ ಒಪ್ಪಂದವಾಯಿತು. ಜುಲೈ 14ರಂದು ನ್ಯಾಟೋ ಮುಖ್ಯಸ್ಥ ಮಾರ್ಕ್ ರುಟ್ಟೆ ಪಕ್ಕದಲ್ಲಿ ಕೂತು ಟ್ರಂಪ್ ಹೊಸ ವ್ಯವಸ್ಥೆ ಘೋಷಿಸಿದರು. ಶಸ್ತ್ರ ಅಮೆರಿಕದ್ದು, ದುಡ್ಡು ಯುರೋಪ್ ಮತ್ತು ಕೆನಡಾದ್ದು, ಬಳಕೆ ಉಕ್ರೇನಿನದು. ಸುಮಾರು 50 ಕೋಟಿ ಡಾಲರಿನ ಕಂತುಗಳಾಗಿ ಪಟ್ಟಿ ತಯಾರಾಗುತ್ತದೆ. ಮೊದಲ ಕಂತಿನ ದುಡ್ಡು ಕೊಟ್ಟದ್ದು ನೆದರ್ಲೆಂಡ್ಸ್. ಒಟ್ಟು ನೆರವಿನಲ್ಲಿ ಯುರೋಪ್ ಅಷ್ಟರಲ್ಲಾಗಲೇ ಅಮೆರಿಕವನ್ನು ಹಿಂದೆ ಹಾಕಿತ್ತು. ಉಕ್ರೇನ್ ತಾನೂ ಸುಮ್ಮನೆ ಕೂತಿರಲಿಲ್ಲ. 2024ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಡ್ರೋನ್‌ಗಳನ್ನು ತನ್ನ ನೆಲದಲ್ಲೇ ಜೋಡಿಸಿ, ಶೆಲ್ಲಿನ ಕೊರತೆಯನ್ನು ಒಂದಷ್ಟು ತುಂಬಿಕೊಂಡಿತು.

ಡ್ರೋನ್ ತುಂಬಲಾಗದ ಜಾಗವೊಂದಿದೆ. ರಷ್ಯಾದ ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುರುಳಿಸಲು ಉಕ್ರೇನ್ ಮುಖ್ಯವಾಗಿ ನೆಚ್ಚಿರುವುದು ಪೇಟ್ರಿಯಟ್ ಅನ್ನು. ಅದರ ಪ್ಯಾಕ್-3 ಪ್ರತಿಕ್ಷಿಪಣಿ ಒಂದಕ್ಕೆ ಸುಮಾರು 40 ಲಕ್ಷ ಡಾಲರ್. 2024ರಲ್ಲಿ ಲಾಕ್‌ಹೀಡ್ ಮಾರ್ಟಿನ್ ತಯಾರಿಸಿದ್ದು 500ರಷ್ಟು. ಅದರಲ್ಲೇ ಅಮೆರಿಕದ ಸೈನ್ಯಕ್ಕೆ, ಪಶ್ಚಿಮ ಏಷ್ಯಾಕ್ಕೆ, ಜಪಾನಿಗೆ, ಯುರೋಪಿಗೆ ಹಂಚಬೇಕು. ಈಗ ದುಡ್ಡು ಹೊಂದಿಸುವುದಕ್ಕಿಂತ ಸರದಿಯಲ್ಲಿ ಜಾಗ ಹಿಡಿಯುವುದೇ ಕಷ್ಟ. ತನ್ನ ಬಳಿಯಿದ್ದ ಎರಡು ಪೇಟ್ರಿಯಟ್ ವ್ಯವಸ್ಥೆಗಳನ್ನು ಉಕ್ರೇನಿಗೆ ಕೊಡಲು ಜರ್ಮನಿ 2025ರ ಆಗಸ್ಟಿನಲ್ಲಿ ಒಪ್ಪಿತು, ಹೊಸದು ತಯಾರಾದಾಗ ಮೊದಲು ತನಗೇ ಸಿಗಬೇಕೆಂದು ಅಮೆರಿಕದಿಂದ ಮಾತು ತೆಗೆದುಕೊಂಡ ಮೇಲೆ. ಹಾಗೆ ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಹಿಂದೆ ಸರಿಯಲೇಬೇಕು. ಐದು ಪೇಟ್ರಿಯಟ್ ವ್ಯವಸ್ಥೆಗಳಿಗೆ 2022ರಲ್ಲೇ ಸಹಿ ಹಾಕಿದ್ದ ತಟಸ್ಥ ದೇಶ ಸ್ವಿಟ್ಜರ್ಲೆಂಡ್‌ಗೆ 2025ರ ಜುಲೈನಲ್ಲಿ ವಾಷಿಂಗ್ಟನ್ನಿನಿಂದ ಸಂದೇಶ ಬಂತು: ಉಕ್ರೇನಿಗೆ ಆದ್ಯತೆ ಕೊಟ್ಟಿದ್ದೇವೆ, ನಿಮ್ಮದು ತಡವಾಗುತ್ತದೆ.